ಅಜ್ಜಿ ಲೊಚಗುಟ್ಟಿದರೆ ಬೈದ ಹಾಗಲ್ಲ

'ಇದು ನನಗೆ ಸರಿ ಕಾಣಲಿಲ್ಲ' ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಕಡೆ ಕಡಿಮೆ. ಹೇಳುವ ಅಗತ್ಯವೂ ಬೀಳುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ನನ್ನ ಅಪ್ಪ ಏನೂ ಅನ್ನುತ್ತಿರಲಿಲ್ಲ, ಮಜ್ಜಿಗೆ ಬೇಗ ಕೇಳುತ್ತಿದ್ದರು. ಅಮ್ಮನಿಗೆ ಅಷ್ಟೇ ಸಾಕಿತ್ತು. ನಾನು ಶಾಲೆಯಿಂದ ತಡವಾಗಿ ಬಂದರೆ ಅವರು ಜಗಲಿಯಲ್ಲಿ ಕೂತಲ್ಲಿಂದಲೇ ಒಂದು ಸಲ ಕೆಮ್ಮುತ್ತಿದ್ದರು. ಶೀತದ ಕೆಮ್ಮು ಯಾವುದು, ನನಗಾಗಿ ಕೆಮ್ಮಿದ ಕೆಮ್ಮು ಯಾವುದು ಎಂಬುದು ಅಂಗಳದ ತುದಿಯಲ್ಲೇ ಗೊತ್ತಾಗುತ್ತಿತ್ತು. ಅಜ್ಜಿಯದು ಇನ್ನೊಂದು ರೀತಿ. ಅವರು 'ಮಾಡು, ಮಾಡು, ಚೆಂದ ಮಾಡು' ಎಂದರೆ ಮಾಡಬೇಡ ಎಂದರ್ಥ. 'ಭಾರಿ ಚೆನ್ನಾಯ್ತು' ಎಂದರೆ ಪೂರ್ತಿ ಕೆಟ್ಟಿತು ಎಂದರ್ಥ. ಇನ್ನು 'ಎಂತ ಮಾರಾಯ' ಎಂಬ ಎರಡೇ ಮಾತು ನೋಡಿ. ಎಳೆದು ಹೇಳಿದರೆ ಪ್ರೀತಿ, ತುಂಡು ಮಾಡಿ ಹೇಳಿದರೆ ಅಸಮಾಧಾನ, ಕೊನೆಯಲ್ಲಿ ಏರಿಸಿದರೆ ಜಗಳಕ್ಕೆ ಕರೆ.

ಮಕ್ಕಳೇ, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ಏನು ಮಾಡುತ್ತೀರಿ?

ನಮ್ಮ ಊರು ಸಂಸೆ. ಕಳಸದಿಂದ ಕುದುರೆಮುಖಕ್ಕೆ ಹೋಗುವಾಗ ಟೀ ತೋಟ ಕಂಡ ಕೂಡಲೇ ಬಸ್ಸಿನವರೆಲ್ಲ ಕಿಟಕಿಯತ್ತ ವಾಲುವ ಜಾಗ. ಇಂಥ ಊರಿನಲ್ಲಿ ಇಂಗ್ಲಿಷಿನಲ್ಲಿ ಅಸಮಾಧಾನ ಹೇಳುವ ಪ್ರಸಂಗ ಎಲ್ಲಿ ಬರುತ್ತದೆ ಎಂದು ಕೇಳಬೇಡಿ. ಮೂರು ಮನೆಗೊಂದು ಹೋಂಸ್ಟೇ ಆಗಿದೆ. ಮಕ್ಕಳು ಹಾಸ್ಟೆಲಿನಲ್ಲಿ ಓದುತ್ತಾರೆ. ಮೊಮ್ಮಕ್ಕಳು ಸಮುದ್ರದಾಚೆ ಇದ್ದಾರೆ. ಪ್ರಸಂಗ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ.

ನನ್ನ ಕಾಲದಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರು. ಈಗ ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, 2007ರಿಂದ. ಆದರೆ ಆಗಲೂ ಈಗಲೂ ಒಂದು ಪಾಠ ಮಾತ್ರ ಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ. ಹಸುವಿನ ಮೇಲೆ ಹತ್ತು ವಾಕ್ಯ ಬರೆಯುವುದನ್ನು ಕಲಿತೆವು, ರಜಾ ಅರ್ಜಿ ಬರೆಯುವುದನ್ನು ಕಲಿತೆವು. ರೆನ್ ಮತ್ತು ಮಾರ್ಟಿನ್ ವ್ಯಾಕರಣ ತಿರುವಿ ಕರ್ತರಿಯನ್ನು ಕರ್ಮಣಿ ಮಾಡಿದೆವು. ಎದುರಿಗಿದ್ದವನು ಮಾಡಿದ್ದು ಸರಿಯಲ್ಲ ಎಂದು ಅವನ ಮುಖ ನೋಡಿ, ಅವನು ಮುನಿಸಿಕೊಳ್ಳದ ಹಾಗೆ ಹೇಳುವುದು ಹೇಗೆ? ಅದನ್ನು ಯಾರೂ ಹೇಳಿಕೊಡಲಿಲ್ಲ. ಬಿ.ಕಾಂ. ಮುಗಿದಾಗಲೂ ನನಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ 'ಐ ಬೆಗ್ ಟು ಸ್ಟೇಟ್' ಎಂದು ಶುರುವಾಗಿ 'ಯುವರ್ಸ್ ಫೇತ್‌ಫುಲಿ' ಎಂದು ಮುಗಿಯುವಂಥದ್ದು.

ನಿಜವಾದ ಪಾಠ ಸಿಕ್ಕಿದ್ದು ಬ್ಯಾಂಕಿನಲ್ಲಿ. ಒಬ್ಬರು ಚೆಕ್ ಕೊಡುತ್ತಾರೆ, ಖಾತೆಯಲ್ಲಿ ಹಣ ಇರುವುದಿಲ್ಲ. ಬ್ಯಾಂಕು ಆ ಚೆಕ್ಕಿಗೆ ಒಂದು ಸಣ್ಣ ಚೀಟಿ ಲಗತ್ತಿಸಿ ವಾಪಸ್ ಕಳಿಸುತ್ತದೆ. ಚೀಟಿಯಲ್ಲಿ 'ಈ ಮನುಷ್ಯನ ಹತ್ತಿರ ದುಡ್ಡಿಲ್ಲ' ಎಂದು ಬರೆಯಬಹುದಿತ್ತಲ್ಲ? ಹಾಗೆ ಬರೆಯುತ್ತಿರಲಿಲ್ಲ. ಎಷ್ಟೋ ಸಲ ಬರೆಯುತ್ತಿದ್ದುದು 'ರೆಫರ್ ಟು ಡ್ರಾಯರ್' ಎಂದು. ಚೆಕ್ ಬರೆದವರನ್ನೇ ವಿಚಾರಿಸಿ, ಅಷ್ಟೇ. ಇಲ್ಲಿ ಡ್ರಾಯರ್ ಎಂದರೆ ಮೇಜಿನ ಡ್ರಾಯರ್ ಅಲ್ಲ, ಚೆಕ್ಕಿಗೆ ಸಹಿ ಮಾಡಿದವರು. ಒಮ್ಮೆ ಒಂದು ಕಾಫಿ ಎಸ್ಟೇಟಿನ ರೈಟರು ಆ ಚೀಟಿ ಹಿಡಿದು ಬಂದು, 'ಯಾವ ಡ್ರಾಯರ್ ನೋಡಬೇಕು ಸಾರ್, ನಿಮ್ಮದಾ, ನಮ್ಮ ಸಾಹುಕಾರ್ರದ್ದಾ?' ಎಂದು ಕೇಳಿದ್ದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 138ನೇ ಸೆಕ್ಷನ್ ಸೇರಿ, 1989ರ ಏಪ್ರಿಲ್ 1ರಿಂದ ಹಣವಿಲ್ಲದೆ ಚೆಕ್ ವಾಪಸಾಗುವುದು ಶಿಕ್ಷೆ ಆಗಬಹುದಾದ ಅಪರಾಧವೇ ಆಯಿತು. ಆಮೇಲೂ ಆ ಮೂರು ಪದ ಹೋಗಲಿಲ್ಲ. ಮಾನ ಕಳೆಯುವ ಸಂಗತಿಯನ್ನು ಮಾನ ಉಳಿಸಿ ಹೇಳುವ ಜಾಣತನ ಅದರಲ್ಲಿತ್ತು.

ಇಂಗ್ಲಿಷರ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯ ಇನ್ನೊಬ್ಬನನ್ನು ಸುಳ್ಳುಗಾರ ಎಂದು ಕರೆಯುವ ಹಾಗಿಲ್ಲ. 1906ರಲ್ಲಿ ಚರ್ಚಿಲ್ ಅಲ್ಲಿ 'ಟರ್ಮಿನಲಾಜಿಕಲ್ ಇನ್‌ಎಕ್ಸಾಕ್ಟಿಟ್ಯೂಡ್' ಎಂದು ಒಂದು ಮಾತು ಬಳಸಿದರು. ಪದಗಳ ನಿಖರತೆ ತಪ್ಪಿದೆ ಎಂದರ್ಥ. ಮುಂದೆ ಅದು ಸುಳ್ಳಿಗೆ ಮರ್ಯಾದೆಯ ಹೆಸರಾಗಿ ನಿಂತಿತು. ನಮ್ಮಲ್ಲಿ ಇದಕ್ಕೆ 'ಅವ ಸ್ವಲ್ಪ ಸೇರಿಸಿ ಹೇಳ್ತಾನೆ' ಎಂಬ ಚಿಕ್ಕ ಚೊಕ್ಕ ಮಾತಿದೆ.

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪನೆಯಾಯಿತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಡುವಿನ ಕಾಲದಲ್ಲಿ ಆ ಟೌನ್‌ಶಿಪ್ಪಿನಲ್ಲಿ ಇಡೀ ಭಾರತವೇ ಇತ್ತು. ನಮ್ಮ ಬ್ಯಾಂಕಿಗೆ ಬರುತ್ತಿದ್ದ ಬಂಗಾಳದ ಕಡೆಯ ಒಬ್ಬ ಹೆಂಗಸು ಬಹಳ ನಯದ ಮಾತಿನವರು. ಒಂದು ಮಳೆಗಾಲ, ಘಾಟಿಯಲ್ಲಿ ಗುಡ್ಡ ಜರಿದು ಟಪಾಲು ಬಾರದೆ ಅವರ ಕಾಗದ ಪತ್ರ ತಡವಾಯಿತು. ಮೂರನೇ ಸಲ ಬಂದಾಗ ಅವರು ನಗುತ್ತಲೇ 'ಐ ಆಮ್ ಅ ಲಿಟಲ್ ಸರ್‌ಪ್ರೈಸ್ಡ್' ಎಂದರು. ನನ್ನ ಪಕ್ಕದ ಕೌಂಟರಿನವರು ಖುಷಿಯಿಂದ 'ಥ್ಯಾಂಕ್ಯೂ ಮೇಡಂ' ಎಂದುಬಿಟ್ಟರು. ಮರುದಿನ ಮ್ಯಾನೇಜರರ ಮೇಜಿನ ಮೇಲೆ ಎರಡು ಪುಟದ ದೂರು ಇತ್ತು. ಮ್ಯಾನೇಜರರು ನಮ್ಮನ್ನೆಲ್ಲ ಕರೆದು ಹೇಳಿದ್ದು ಇಷ್ಟು: 'ಇಂಗ್ಲಿಷಿನಲ್ಲಿ ಯಾರಾದರೂ ಸ್ವಲ್ಪ ಆಶ್ಚರ್ಯ ಆಯ್ತು ಅಂದ್ರೆ ಕುರ್ಚಿಯಿಂದ ಎದ್ದು ನಿಲ್ಲಿ. ಅಷ್ಟೇನೂ ಸಂತೋಷ ಆಗ್ಲಿಲ್ಲ ಅಂದ್ರೆ ನನ್ನನ್ನು ಕರೀರಿ.' ಆ ಭಾಷೆಯಲ್ಲಿ ಅಸಮಾಧಾನ ದೊಡ್ಡದಾದಷ್ಟೂ ಮಾತು ಸಣ್ಣದಾಗುತ್ತದೆ. ಎಲ್ಲರೂ ಹಾಗಲ್ಲ, ಬಾಯಿಗೆ ಬಂದಂತೆ ಬೈಯುವವರು ಎಲ್ಲ ಭಾಷೆಯಲ್ಲೂ ಇದ್ದಾರೆ. ಆದರೆ 'ಅ ಲಿಟಲ್', 'ಅ ಬಿಟ್', 'ನಾಟ್ ವೆರಿ', 'ನಾಟ್ ಶ್ಯೂರ್' ಎಂಬ ಪುಟ್ಟ ಪದಗಳನ್ನು ಕಡೆಗಣಿಸಬಾರದು. 'ಐ ಆಮ್ ನಾಟ್ ಶ್ಯೂರ್ ದಟ್ಸ್ ಅ ಗುಡ್ ಐಡಿಯಾ' ಎಂದರೆ ಅವರಿಗೆ ಅನುಮಾನ ಇದೆ ಎಂದು ತಿಳಿಯಬೇಡಿ. ಅದು ಬೇಡ ಎಂದೇ ಅರ್ಥ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ನಾವು ಕಾಫಿ ಲೋಟ ಹಿಡಿದು ಫೋನಿನ ಎದುರು ಕೂರುತ್ತೇವೆ. ಅಲ್ಲಿ ಆಗ ಶನಿವಾರ ರಾತ್ರಿ. ಮೊಮ್ಮಗನಿಗೆ ಎಂಟು ವರ್ಷ, ಕನ್ನಡ ಅರ್ಧ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಹೋದ ವರ್ಷ ಅವನು ಸೈಕಲಿನಿಂದ ಬಿದ್ದು ಕೈ ಮುರಿದುಕೊಂಡ. ಹಸಿರು ಬಣ್ಣದ ಪಟ್ಟಿ ಹಾಕಿದ್ದರು, ಅದರ ಮೇಲೆ ಗೆಳೆಯರೆಲ್ಲ ಸಹಿ ಮಾಡಿದ್ದರು. ಹೆಮ್ಮೆಯಿಂದ ಅಜ್ಜಿಗೆ ತೋರಿಸಿದ. ನನ್ನ ಹೆಂಡತಿ ನೋಡಿದಳು, ಕಣ್ಣು ತುಂಬಿತು, ಬಾಯಲ್ಲಿ ಮಾತು ಬರಲಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಲೊಚ್ ಲೊಚ್ ಲೊಚ್ ಎಂದು ಲೊಚಗುಟ್ಟಿದಳು. ಅಯ್ಯೋ ಪಾಪ, ಮಗುವೇ ಎಂದರ್ಥ.

ಹುಡುಗನ ಮುಖ ಬಾಡಿಹೋಯಿತು. ಎದ್ದು ಅಡುಗೆ ಮನೆಗೆ ಓಡಿ ಅವನ ಅಮ್ಮನಿಗೆ ಹೇಳಿದ್ದು ನಮಗೂ ಕೇಳಿಸಿತು: 'ಅಜ್ಜಿ ಈಸ್ ಮ್ಯಾಡ್ ಅಟ್ ಮಿ.'

ಇಲ್ಲಿ ಇವಳು ಲೋಟ ಕೆಳಗಿಟ್ಟಳು. 'ನಂಗೆ ಹುಚ್ಚು ಅಂದನಾ ಅವ?'

ಒಂದೇ ನಿಮಿಷದಲ್ಲಿ ಎರಡು ಗ್ರಹಚಾರ. ಅಮೆರಿಕದ ಮಾತಿನಲ್ಲಿ ಮ್ಯಾಡ್ ಎಂದರೆ ಹುಚ್ಚಲ್ಲ, ಸಿಟ್ಟು. ಇದು ನನಗೆ ಗೊತ್ತಿತ್ತು, ಹೇಳಿ ಸಮಾಧಾನ ಮಾಡಿದೆ. ಲೊಚಗುಟ್ಟಿದ್ದು ಅವನಿಗೆ ಯಾಕೆ ಬೈಗುಳವಾಗಿ ಕೇಳಿಸಿತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮುಂದಿನ ಭಾನುವಾರ ಹುಡುಗ ಫೋನಿಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. 'ಆಡಲು ಹೋಗಿದ್ದಾನೆ' ಎಂದರು. ರಾತ್ರಿ ಒಂಬತ್ತು ಗಂಟೆಗೆ, ಮುರಿದ ಕೈಯಲ್ಲಿ, ಯಾವ ಆಟ? ಇವಳು ಏನೂ ಅನ್ನಲಿಲ್ಲ. ಅವತ್ತಿಡೀ ಅಡುಗೆ ಮನೆಯಲ್ಲಿ ಪಾತ್ರೆ ಇಡುವ ಸದ್ದು ಸ್ವಲ್ಪ ಜೋರಾಗಿತ್ತು. ಸಂಜೆ ದೀಪ ಹಚ್ಚಿ ಬಂದು, 'ಇನ್ನು ಫೋನಿನಲ್ಲಿ ನಾನು ಮಾತಾಡೂದಿಲ್ಲ, ನೀವೇ ಮಾತಾಡಿ, ನಾನು ನೋಡ್ತಾ ಕೂರ್ತೇನೆ' ಎಂದಳು. ಒಂಬತ್ತು ಸಾವಿರ ಮೈಲಿಯಾಚೆ ಇರುವ ಮಗುವಿಗೂ ಅಜ್ಜಿಗೂ ಇದ್ದುದು ವಾರಕ್ಕೆ ಅರ್ಧ ಗಂಟೆ. ಅದಕ್ಕೂ ಕಲ್ಲು ಬಿತ್ತು.

ಗಂಟು ಬಿಚ್ಚಿದ್ದು ಸೊಸೆ. ಅಲ್ಲಿಯ ಟೀಚರು, ಅಲ್ಲಿಯ ಕಾರ್ಟೂನಿನ ಅಜ್ಜಿಯರು, ಎಲ್ಲರೂ ಲೊಚಗುಟ್ಟುವುದು 'ಹೀಗೆ ಮಾಡಬಹುದಾ ನೀನು' ಎನ್ನುವುದಕ್ಕಂತೆ. ಅಮೆರಿಕದ ಪುಸ್ತಕಗಳಲ್ಲಿ ಈ ಸದ್ದನ್ನು 'ಟ್ಸ್ಕ್ ಟ್ಸ್ಕ್' ಎಂದು ಬರೆಯುತ್ತಾರೆ, ಬ್ರಿಟನ್ನಿನವರು 'ಟಟ್ ಟಟ್' ಎನ್ನುತ್ತಾರೆ. ಸದ್ದು ಅದೇ, ನಾಲಿಗೆ ಅದೇ, ಅರ್ಥ ಮಾತ್ರ ತಲೆಕೆಳಗು. ನಮ್ಮಲ್ಲೇ ಈ ಒಂದು ಸದ್ದಿಗೆ ಎಷ್ಟು ಕೆಲಸ ನೋಡಿ. ಮೂರು ಸಲ ಮಾಡಿದರೆ ಕನಿಕರ. 'ಊಟ ಆಯ್ತಾ?' ಎಂದು ಕೇಳಿದಾಗ ಒಂದೇ ಸಲ ಮಾಡಿದರೆ ಇಲ್ಲ ಎಂದರ್ಥ. ಮಾತಿನ ನಡುವೆ ಗೋಡೆಯ ಹಲ್ಲಿ ಮಾಡಿದರೆ ಆಡಿದ ಮಾತು ಸತ್ಯ ಎಂದರ್ಥ, ಕೃಷ್ಣ ಕೃಷ್ಣ ಎಂದು ನೆಲ ತಟ್ಟುತ್ತೇವೆ. ದಕ್ಷಿಣ ಆಫ್ರಿಕಾದ ಜುಲು ಮತ್ತು ಖೋಸಾ ಭಾಷೆಗಳಲ್ಲಂತೂ ಇದು ನಮ್ಮ ಕ, ಚ, ಟ ಇದ್ದ ಹಾಗೆ ಒಂದು ವ್ಯಂಜನ. ಇಂಗ್ಲಿಷಿನ ಸಿ ಅಕ್ಷರ ಬರೆದು ಲೊಚ್ ಎಂದು ಓದುತ್ತಾರೆ. ಮಕ್ಕಳೇ, ಒಂದು ಸಲ ಪ್ರಯತ್ನ ಮಾಡಿ ನೋಡಿ, ಲೊಚಗುಟ್ಟಿದ ಕೂಡಲೇ ನಡುವೆ ಬಿಡದೆ 'ಆ' ಸ್ವರ ಸೇರಿಸಿ ಹೇಳುವುದು ಸುಲಭವಲ್ಲ.

ಮೂರನೇ ಭಾನುವಾರ ನಾನು ಮೊಮ್ಮಗನನ್ನು ಕರೆಸಿ ಇಂಗ್ಲಿಷಿನಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಆ ಸದ್ದಿಗೆ 'ಪೂರ್ ಯು' ಎಂದು ಅರ್ಥ ಕಣೋ, ಬೈಗುಳ ಅಲ್ಲ, ಅಜ್ಜಿಗೆ ನಿನ್ನ ಕೈ ನೋಡಿ ಅಳು ಬಂದಿತ್ತು ಎಂದೆ. ಅವನು 'ಓಕೆ' ಎಂದ. ಅಷ್ಟೇ. ಹುಡುಗರು ದೊಡ್ಡ ವಿಷಯಕ್ಕೆಲ್ಲ ಓಕೆ ಎನ್ನುತ್ತಾರೆ, ಒಳಗೆ ಏನಿದೆ ಎಂದು ತಿಳಿಯುವುದಿಲ್ಲ. ಒಂದು ತಿಂಗಳ ಮೇಲೆ ಇವಳು ಮಗನ ಹತ್ತಿರ ಮೊಣಕಾಲು ನೋವಿನ ಸಮಾಚಾರ ಹೇಳುತ್ತಿದ್ದಾಗ ಎಲ್ಲಿಂದಲೋ ಲೊಚ್ ಲೊಚ್ ಕೇಳಿಸಿತು. ಹಲ್ಲಿ ಇರಬೇಕು ಎಂದು ನಾನು ಗೋಡೆ ನೋಡಿದೆ. ಫೋನಿನ ಒಂದು ಮೂಲೆಯಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು.

ಅವನ ಬಳಿ ನಾನೂ ಕೆಲವು ಕಲಿತೆ. ನಮ್ಮಲ್ಲಿ ಸಿಟ್ಟು ಬಂದರೆ 'ನೀನು' ಹೋಗಿ 'ನೀವು' ಬರುತ್ತದಲ್ಲ, 'ಏನು ಸಾಹೇಬ್ರು ಈಗ ಎದ್ರಾ?' ಎಂದು ಅಮ್ಮ ಆರು ವರ್ಷದವನನ್ನು ಕೇಳಿದರೆ ಅವನು ನಡುಗುತ್ತಾನೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು', ಅಲ್ಲಿಯ ಅಮ್ಮಂದಿರು ಪಾಪ ಏನು ಮಾಡುತ್ತಾರೆ? ಮಗುವಿನ ಪೂರ್ತಿ ಹೆಸರು ಹಿಡಿದು, ಮನೆತನದ ಹೆಸರನ್ನೂ ಸೇರಿಸಿ ಕರೆಯುತ್ತಾರಂತೆ. ಗೆಳೆಯನ ಅಮ್ಮ ಹಾಗೆ ಕರೆದರೆ ಇವನೂ ಬಚ್ಚಿಟ್ಟುಕೊಳ್ಳುತ್ತಾನಂತೆ. ಗೆಳೆಯರ ನಡುವೆ 'ನಾಟ್ ಕೂಲ್' ಎಂದರೆ ಸಾಕು. 'ರಿಯಲಿ?' ಎಂಬುದನ್ನು ಕೊನೆಗೆ ಇಳಿಸಿ ಹೇಳಿದರೆ ನಮ್ಮ 'ಹೌದಾ?' ಇದ್ದ ಹಾಗೆ, ನಂಬಿಕೆಯೂ ಇಲ್ಲ, ಮೆಚ್ಚುಗೆಯೂ ಇಲ್ಲ.

ಆದರೆ ನಮ್ಮ ಎಲ್ಲ ಮಾತನ್ನೂ ಹೀಗೆ ಜೋಡಿ ಮಾಡಲು ಬರುವುದಿಲ್ಲ. 'ನಿಂಗೆ ಬೇರೆ ಕೆಲಸ ಇಲ್ವಾ?' ಎಂಬುದು ನಮ್ಮಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು, ಅದರಲ್ಲಿ ಸಲಿಗೆ ಇದೆ. ಅದನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಿ ಹೇಳಿದರೆ ಕೇಳಿದವನಿಗೆ ಅವಮಾನ. 'ನಾಚಿಕೆ ಆಗಲ್ವಾ?' ನಮಗೆ ಹಗುರ, 'ಶೇಮ್ ಆನ್ ಯು' ಅವರಿಗೆ ಭಾರ. 'ಬುದ್ಧಿ ಇಲ್ವಾ?' ಎಂಬುದನ್ನಂತೂ ಗಡಿ ದಾಟಿಸಬೇಡಿ. ನಾವು ಬೈಯುವಾಗ ಬೈಯುವುದು ಮನುಷ್ಯನನ್ನು. ಅವನು ನಮ್ಮವನು, ನಾಳೆ ಮತ್ತೆ ಸರಿ ಹೋಗುತ್ತಾನೆ ಎಂಬ ಧೈರ್ಯ ನಮಗಿದೆ. ಇಂಗ್ಲಿಷಿನಲ್ಲಿ ಗುರುತಿಲ್ಲದವರ ಜೊತೆ ಮಾತಾಡುವಾಗ ಆ ಧೈರ್ಯ ಇಲ್ಲ. ಆದ್ದರಿಂದ ಮನುಷ್ಯನನ್ನು ಬಿಟ್ಟು ಕೆಲಸವನ್ನು ಹಿಡಿಯಬೇಕು, ಇಲ್ಲವೆ ನಮಗೆ ಏನಾಯಿತು ಎಂಬುದನ್ನು ಹೇಳಬೇಕು. 'ಯು ಆರ್ ರೂಡ್' ಎನ್ನುವ ಬದಲು 'ದಟ್ ವಾಸಂಟ್ ವೆರಿ ನೈಸ್.' 'ವೈ ಯು ಡಿಡ್ ಲೈಕ್ ದಿಸ್?' ಎನ್ನುವ ಬದಲು 'ಐ ವಿಶ್ ಯು ಹ್ಯಾಡ್ ಆಸ್ಕ್‌ಡ್ ಮಿ.' ನನ್ನನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು ಎಂದರ್ಥ. ಕನ್ನಡದಲ್ಲೂ ಇದು ಒಳ್ಳೆಯ ಮಾತೇ.

ಇದರ ಉಪಯೋಗ ಕಂಡದ್ದು ನಮ್ಮ ಪಕ್ಕದ ಮನೆಯ ಹುಡುಗಿಯಿಂದ. ಅವಳು ಘಟ್ಟದ ಕೆಳಗಿನ ಒಂದು ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಾಳೆ. ರೂಮಿನಲ್ಲಿ ಜೊತೆಗಿರುವವಳು ಬೇರೆ ರಾಜ್ಯದವಳು, ಇಬ್ಬರಿಗೂ ಆಡಲು ಬರುವುದು ಇಂಗ್ಲಿಷ್ ಒಂದೇ. ಆ ಹುಡುಗಿ ದಿನಾ ಬೆಳಿಗ್ಗೆ ಇವಳ ಬಕೆಟ್ ತೆಗೆದುಕೊಂಡು ಹೋಗಿ ಬಿಸಿನೀರು ಹಿಡಿಯುತ್ತಿದ್ದಳು. ಇವಳು ಎರಡು ತಿಂಗಳು ತಣ್ಣೀರು ಸ್ನಾನ ಮಾಡಿದಳೇ ಹೊರತು ಬಾಯಿ ಬಿಡಲಿಲ್ಲ. ರಜಕ್ಕೆ ಬಂದಾಗ ಕೆಮ್ಮುತ್ತಿದ್ದಳು. ಕೇಳಿದರೆ, 'ಎಂತ ಹೇಳೂದು ಅಜ್ಜ? ನಂಗೆ ಬರುವ ಇಂಗ್ಲಿಷ್‌ನಲ್ಲಿ ಹೇಳಿದ್ರೆ ಜಗಳ ಆಗ್ತದೆ' ಎಂದಳು. ಜಗಳಕ್ಕೆ ಬೇಕಾದಷ್ಟು ಇಂಗ್ಲಿಷ್ ಇದೆ, ಸ್ನೇಹ ಉಳಿಸಿಕೊಳ್ಳಲು ಸಾಲದು! ನಾವಿಬ್ಬರೂ ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿದೆವು. ಮೊದಲು ಅವಳು 'ಸಾರಿ, ಸಾರಿ, ಪ್ಲೀಸ್' ಎಂದು ಮೂರು ಸಲ ಅಂದೇ ಶುರು ಮಾಡುತ್ತಿದ್ದಳು. ಬಕೆಟ್ ನಿನ್ನದು, ನೀನ್ಯಾಕೆ ಸಾರಿ ಕೇಳಬೇಕು ಎಂದೆ. ಕೊನೆಗೆ ಉಳಿದದ್ದು ಇಷ್ಟು: 'ಐ ನೀಡ್ ಮೈ ಬಕೆಟ್ ಇನ್ ದ ಮಾರ್ನಿಂಗ್. ಕುಡ್ ಯು ಆಸ್ಕ್ ಮಿ ಬಿಫೋರ್ ಯು ಟೇಕ್ ಇಟ್?' ಏರು ದನಿ ಇಲ್ಲ, ಅಳು ಇಲ್ಲ, ಮುಖ ನೋಡಿ ಹೇಳುವುದು. ನನ್ನ ಹೆಂಡತಿ ಒಳಗಿನಿಂದ, 'ಬಕೆಟಿಗೆ ಹೆಸರು ಬರೆದಿಡು ಮಾರಾಯ್ತಿ' ಎಂದಳು. ಹುಡುಗಿ ಎರಡನ್ನೂ ಮಾಡಿದಳು. ಯಾವುದು ಕೆಲಸ ಮಾಡಿತೋ ಗೊತ್ತಿಲ್ಲ, ಈಗ ಬಿಸಿನೀರು ಸಿಗುತ್ತಿದೆ.

'ಡು ಯು ಮೈಂಡ್' ಎಂಬುದರ ಬಗ್ಗೆ ಮಾತ್ರ ಎಚ್ಚರ. ಹೋಂಸ್ಟೇ ನಡೆಸುವ ನನ್ನ ಗೆಳೆಯರ ಹತ್ತಿರ ಅತಿಥಿಯೊಬ್ಬರು 'ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?' ಎಂದು ಕೇಳಿದರು. ಇವರು ಉಪಚಾರಕ್ಕೆ 'ಯೆಸ್, ಯೆಸ್' ಎಂದರು. ಕೂತರೆ ನಿಮಗೆ ಬೇಸರವೇ ಎಂದು ಅವರು ಕೇಳಿದ್ದು, ಹೌದು ಹೌದು ಎಂದು ಇವರು ಹೇಳಿದ್ದು. ಆ ಮನುಷ್ಯ ಪಾಪ ತಿಂಡಿ ಮುಗಿಯುವವರೆಗೂ ನಿಂತೇ ಇದ್ದರಂತೆ. ನಿಜವಾಗಿ ಬೇಡ ಎನ್ನಬೇಕಿದ್ದರೆ, ಉದಾಹರಣೆಗೆ ಸಿಗರೇಟು ಹಚ್ಚಲೇ ಎಂದು ಕೇಳಿದಾಗ, 'ಐಡ್ ರಾದರ್ ಯು ಡಿಡಂಟ್' ಎನ್ನಬಹುದು. ಮಾಡದಿದ್ದರೆ ಒಳ್ಳೆಯದು ಎಂಬ ಧಾಟಿ.

ಈ ಮಾತು ನನಗೇ ಬೇಕಾದದ್ದು ಕಳೆದ ಡಿಸೆಂಬರಿನಲ್ಲಿ. ಕುದುರೆಮುಖ ಶಿಖರ ಹತ್ತಲು ಬರುವವರಲ್ಲಿ ಎಷ್ಟೋ ಜನ ನಮ್ಮ ಊರಿನ ಸುತ್ತ ಉಳಿಯುತ್ತಾರೆ. ನಮ್ಮ ಮನೆಯ ಮೇಲಿನ ಹಳ್ಳದ ಹತ್ತಿರ ಆರು ಹುಡುಗರು ಕೂತಿದ್ದರು. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಎಲ್ಲ ಹಳ್ಳದಲ್ಲಿ ತೇಲುತ್ತಿದ್ದವು. ಹಾಡು ಜೋರಾಗಿ ಹಾಕಿದ್ದರು. ಅವರ ಮಾತೆಲ್ಲ ಇಂಗ್ಲಿಷ್. ಆ ಹಳ್ಳದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರನ್ನೇ ನಾವು ನಾಲ್ಕು ಮನೆಯವರು ಕುಡಿಯುವುದು. ಹಿಂದಿನ ವಾರ ಇಂಥದ್ದೇ ಇನ್ನೊಂದು ಗುಂಪಿಗೆ ನೆರೆಯವರೊಬ್ಬರು 'ನೋ ಸೆನ್ಸ್? ವಾಟ್ ಇಸ್ ದಿಸ್?' ಎಂದು ಕೂಗಿದ್ದಕ್ಕೆ ಅವರು 'ನಿಮ್ಮ ಅಪ್ಪನ ಜಾಗವಾ?' ಎಂಬ ಅರ್ಥದಲ್ಲಿ ಏನೋ ಹೇಳಿ, ಬಾಟಲಿ ಅಲ್ಲೇ ಉಳಿದಿತ್ತು.

ನಾನು ಊರುಗೋಲು ಹಿಡಿದು ಹೋದೆ. ದಾರಿಯಲ್ಲಿ ವಾಕ್ಯ ಜೋಡಿಸಿಕೊಂಡೆ. ಹತ್ತಿರ ಹೋಗಿ ಎಲ್ಲಿಂದ ಬಂದಿರಿ ಎಂದು ವಿಚಾರಿಸಿ, 'ವಿ ಡ್ರಿಂಕ್ ದಿಸ್ ವಾಟರ್. ಮೈ ವೈಫ್ ಮೇಡ್ ಕಾಫಿ ವಿತ್ ಇಟ್ ದಿಸ್ ಮಾರ್ನಿಂಗ್. ಐಡ್ ರಾದರ್ ಯು ಟುಕ್ ದ ಬಾಟಲ್ಸ್ ಬ್ಯಾಕ್ ವಿತ್ ಯು' ಎಂದೆ. ಹುಡುಗರು ಹಳ್ಳವನ್ನು ನೋಡಿದರು, ಕೆಳಗೆ ಹೊಗೆ ಬರುತ್ತಿದ್ದ ನಮ್ಮ ಮನೆಯ ಹಂಚನ್ನು ನೋಡಿದರು. ಒಬ್ಬ ಪ್ಯಾಂಟು ಮಡಚಿ ನೀರಿಗಿಳಿದ. ಇನ್ನೊಬ್ಬ ಎದ್ದು ನಿಂತು, 'ಸಾರಿ ಅಜ್ಜ, ಗೊತ್ತಾಗ್ಲಿಲ್ಲ. ನಾನು ಹಾಸನದವ್ನೇ' ಎಂದ.

ಎಂತ ಮಾರಾಯ, ಮೊದಲೇ ಹೇಳಬಾರದಾ ಎಂದೆ.

ಬಾಟಲಿಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡರು. ಕಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಎರಡು ಮಾತ್ರ ಮರುದಿನ ನಾನೇ ತೆಗೆದೆ. ಹಾಡಿನ ವಿಷಯ ಎತ್ತಲಿಲ್ಲ. ಹಳೆಯ ಹಾಡು, ಚೆನ್ನಾಗಿತ್ತು.